ಹಳ್ಳದ ತನಕ ಕಳಿಸುವವರು

ಹೊಸದಾಗಿ ಕ್ರೈಸ್ತ ಸಭೆಯ ಸೇವೆಗೆ ಸೇರಿದ ಯುವ ಸಭಾಪಾಲಕರೊಬ್ಬರು ಇತ್ತೀಚೆಗೆ ನನ್ನನ್ನು ನೋಡಲು ಬಂದಿದ್ದರು. ಅಂಗಳದಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ, ಹೆಲ್ಮೆಟ್ಟನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತು, ಬಹಳ ಗೌರವದಿಂದಲೇ ಕೇಳಿದರು:

“ಪಾಸ್ಟರ್‌ಸಾಬ್ರ, ನಾ ಈಗ ಐತವಾರಕ್ಕ ನಾಕ ಊರು ಮುಗಸ್ತೇನಿ. ನೀವು ಬಸ್ಸಿಗಿ ಕಾದು, ಎರಿ ಹೊಲದಾಗ ನಡದು, ಒಂದ ಊರಿಗಿ ಒಂದ ದಿನ ಹಾಕ್ತಿದ್ರಂತ. ಅರ್ಧ ಆಯುಷ್ಯ ದಾರಿಯಾಗೇ ಹೋತಲ್ರಿ?”

ಆ ಪ್ರಶ್ನೆಯಲ್ಲಿ ಕನಿಕರವಿತ್ತು, ಕುಚೋದ್ಯವಿರಲಿಲ್ಲ. ಚಹಾ ಕುಡಿಸಿ, ಪ್ರಾರ್ಥಿಸಿ ಕಳುಹಿಸಿಕೊಟ್ಟೆ. ಉತ್ತರವನ್ನು ಮಾತ್ರ ಅಂದು ಕೊಡಲಾಗಲಿಲ್ಲ. ವಯಸ್ಸಾದವನ ಉತ್ತರವು ಹಳೆಯ ಬಸ್ಸಿನ ಹಾಗೆ ಹತ್ತು ಕಡೆ ನಿಂತು, ಹತ್ತು ಜನರನ್ನು ಹತ್ತಿಸಿಕೊಂಡು ಬರುತ್ತದೆ. ಅದು ಈಗ ಬಂದು ತಲುಪಿದೆ. ಆ ಯುವಕರಿಗೂ, ಅವರಂತೆ ಈ ಸೇವೆಗೆ ಕಾಲಿಡುತ್ತಿರುವ ಇತರರಿಗೂ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ.

ನನಗೆ ಯಾವ ಹುದ್ದೆ ಯಾವಾಗ ದೊರೆಯಿತೆಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಎಪ್ಪತ್ತರ ದಶಕದಲ್ಲಿ ಆಳಂದ, ಎಂಬತ್ತರ ಮೊದಲ ಭಾಗದಲ್ಲಿ ಅಫಜಲಪುರ, ಆ ಬಳಿಕ ಜೇವರ್ಗಿ, ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಚದುರಿದ್ದ ಸಣ್ಣ ಸಣ್ಣ ಸಭೆಗಳನ್ನು ಸುತ್ತುವುದು ನನಗೆ ಒಪ್ಪಿಸಲಾದ ಕೆಲಸವಾಗಿತ್ತು ಎಂದಷ್ಟು ತಿಳಿದರೆ ಸಾಕು. ಸಂಚಾರ ಸೇವೆ ಎಂದು ಅದಕ್ಕೆ ಹೆಸರು. ನನ್ನ ತಂದೆ ಶಾಲಾ ಮಾಸ್ತರರು. ಹಳಗನ್ನಡ ಕಾವ್ಯವನ್ನು ಮನೆಯಲ್ಲೇ ಕಲಿಸಿದವರು. ಹೀಗಾಗಿ ಕಂದಪದ್ಯದ ಮಾತ್ರೆಗಳನ್ನು ಎಣಿಸಲು ಬಲ್ಲವನಾಗಿಯೂ, ಜೋಳದ ಹೊಲದ ನಡುವಿನ ಕಾಲುದಾರಿ ಎಲ್ಲಿ ಕವಲೊಡೆಯುತ್ತದೆಂದು ಅರಿಯದವನಾಗಿಯೂ ನಾನು ಆಳಂದಕ್ಕೆ ಬಂದಿಳಿದೆ.

ಮೊದಲ ಪಾಠ ಸರಸಂಬಾದಲ್ಲಾಯಿತು. ಯಾರಿಗೂ ಭಾರವಾಗಬಾರದೆಂಬುದು ನನ್ನ ಸಂಕಲ್ಪ. ಅದು ಸದ್ಗುಣವೆಂದೇ ನಾನು ನಂಬಿದ್ದೆ. ಆದುದರಿಂದ ಹೆಂಡತಿಯ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲವನ್ನೂ ಕಟ್ಟಿಸಿಕೊಂಡು ಹೊರಟೆ. ಊರು ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು. ನಮ್ಮ ವಿಶ್ವಾಸಿಗಳ ಮನೆಗೆ ಹೋಗುವ ಮೊದಲೇ ಉಂಡುಬಿಟ್ಟರೆ ಅವರಿಗೆ ಅಡಿಗೆಯ ತೊಂದರೆ ತಪ್ಪುತ್ತದೆಂದು, ಊರಬಾಗಿಲಾದ ಅಗಸಿಯ ಬಳಿಯ ಬೇವಿನ ಮರದ ಕೆಳಗೆ ಕುಳಿತು ಗಂಟು ಬಿಚ್ಚಿದೆ. ಹಣೆಗೆ ವಿಭೂತಿ ಧರಿಸಿದ, ಎತ್ತು ಹಿಡಿದುಕೊಂಡು ಹೊರಟಿದ್ದ ಹಿರಿಯ ಗೌಡರೊಬ್ಬರು ನನ್ನನ್ನು ಕಂಡು ನಿಂತರು.

“ಯಾರ್ರಿ ನೀವು? ಊರಿಗಿ ಬಂದು ಬುತ್ತಿ ಬಿಚ್ಚಾಕತ್ತೀರಲ್ಲ?”

ನಾನು ಪಾದ್ರಿಯೆಂದೂ, ಯಾರಿಗೂ ತೊಂದರೆ ಕೊಡುವ ಮನಸ್ಸಿಲ್ಲವೆಂದೂ ವಿನಯದಿಂದ ಅರಿಕೆ ಮಾಡಿದೆ.

“ತೊಂದ್ರಿ? ಯಾಕ್ರಿ, ಊರಾಗ ಮಂದಿ ಇಲ್ಲೇನು? ಬುತ್ತಿ ಕಟ್ಟೋದು ಊರ ಬಿಡೂ ಮುಂದ. ಬರೂ ಮುಂದ ಯಾರರ ಕಟಗೊಂಡ ಬರ್ತಾರೇನು? ನಮ್ಮ ಜಂಗಮರು ಬರ್ತಾರ, ಜೋಳಿಗಿ ಖಾಲಿ ಇರ್ತದ. ನೀವು ಜೋಳಿಗಿ ತುಂಬ್ಕೊಂಡು ಬಂದ್ರ ನಾವು ಅದ್ರಾಗ ಏನ್ ಹಾಕೂಣ್ರಿ, ಕಲ್ಲ?”

“ಈಗ ಏನು ಮಾಡಲಿ ಗೌಡರೇ?”

“ಕೊಡ್ರಿ ಇಲ್ಲಿ. ನಮ್ಮ ಎತ್ತಿಗಿ ಯಾರೂ ಪಾಪ ಇಂಥ ರೊಟ್ಟಿ ಮಾಡಿ ಹಾಕಿಲ್ಲ.”

ನನ್ನ ಹೆಂಡತಿ ಬೆಳಗಿನ ಜಾವ ಎದ್ದು ಬಡಿದ ರೊಟ್ಟಿಗಳನ್ನು ಗೌಡರ ಎತ್ತು ಬಹಳ ಭಕ್ತಿಯಿಂದ ತಿಂದಿತು. ಗೌಡರು ನನ್ನನ್ನು ಕೈಹಿಡಿದು ಕರೆದೊಯ್ದು, ನಮ್ಮ ವಿಶ್ವಾಸಿಗಳ ಮನೆಯ ಮುಂದೆ ನಿಲ್ಲಿಸಿ, “ನಿಮ್ಮ ಜಂಗಮ ಬಂದಾನ, ಹಸದಾನ, ಉಣಸ್ರಿ” ಎಂದು ಕೂಗಿ ಹೊರಟುಹೋದರು. ನಮ್ಮ ಕರ್ತನು ತನ್ನ ಶಿಷ್ಯರನ್ನು ಚೀಲವಿಲ್ಲದೆ ದಾರಿಗೆ ಕಳುಹಿಸಿದ ಪ್ರಸಂಗವನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಬೋಧಿಸುವಾಗ ಅದನ್ನು ತ್ಯಾಗವೆಂದು ವರ್ಣಿಸುತ್ತಿದ್ದೆ. ಬರಿಗೈಯಲ್ಲಿ ಹೋಗುವವನು ಎದುರಿನವರಿಗೆ ಕೊಡುವ ಸುಖವನ್ನು ಉಳಿಸಿಕೊಡುತ್ತಾನೆಂಬುದು ಅಂದು ಆ ಪಡಸಾಲೆಯಲ್ಲಿ ಉಳ್ಳಾಗಡ್ಡಿ, ಪುಂಡಿಪಲ್ಯಗಳೊಡನೆ ನನ್ನ ಹೊಟ್ಟೆಗೂ ತಲೆಗೂ ಒಟ್ಟಿಗೆ ಇಳಿಯಿತು. ಕಿರಿಯರೇ, ನಿಮ್ಮ ಗಾಡಿಗಳಿಗೆ ಈಗ ಎರಡೂ ಬದಿಗೆ ಪೆಟ್ಟಿಗೆಗಳಿವೆ. ಅವುಗಳಲ್ಲಿ ಒಂದನ್ನಾದರೂ ಖಾಲಿ ಇಟ್ಟುಕೊಂಡು ಊರೊಳಗೆ ಹೋಗಿರಿ.

ಎರಡನೆಯ ಪ್ರಸಂಗ ಅಫಜಲಪುರದ್ದು. ಹುಣ್ಣಿಮೆಯ ದಿನಗಳಲ್ಲಿ ಆ ಕಡೆಯ ಬಸ್ಸುಗಳು ಗಾಣಗಾಪುರದ ಯಾತ್ರಿಕರಿಂದ ಕಿಕ್ಕಿರಿದಿರುತ್ತಿದ್ದವು. ಒಮ್ಮೆ ನಾನು ಏರಿದ ಬಸ್ಸಿನ ಗಾಲಿ ಬಯಲಿನ ನಡುವೆ ಪಂಕ್ಚರಾಯಿತು. ಎಲ್ಲರೂ ಇಳಿದು ಜಾಲಿ ಮರದ ನೆರಳು ಹಂಚಿಕೊಂಡು ಕುಳಿತೆವು. ಪಕ್ಕದಲ್ಲಿ ಗಡಿಯಾಚೆಯ ಊರಿನ ಮುದುಕಿ. ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಚುರುಮುರಿಯ ಗಂಟು.

“ನಾವು ಗಾಣಗಾಪುರಕ್ಕ ಹೊಂಟೇವಿ. ನೀ ಎಲ್ಲಿಗಿ ತಮ್ಮಾ?”

ಊರಿನ ಹೆಸರು ಹೇಳಿ, ನಾನು ಪಾದ್ರಿ, ಪ್ರಾರ್ಥನೆ ನಡೆಸಲು ಹೊರಟಿದ್ದೇನೆ ಎಂದೆ.

“ಆ ಊರಾಗ ನಿಮ್ಮ ದೇವ್ರು ಅದಾನೇನು?”

“ಎಲ್ಲ ಕಡೆ ಇದ್ದಾನವ್ವ. ಇಂಥ ಊರಲ್ಲೇ ಅಂತಿಲ್ಲ.”

“ನಿಮ್ಮ ಮನ್ಯಾಗ?”

“ಅಲ್ಲೂ ಇದ್ದಾನೆ.”

“ಹಂಗಾದ್ರ ಹುಚ್ಚಪ್ಪಾ, ಟಿಕೀಟ ಯಾಕ ತಗೊಂಡಿ? ಮನ್ಯಾಗ ಕುಂದ್ರಬಾರ್ದೇನು?”

ನೆರಳಿನಲ್ಲಿದ್ದವರೆಲ್ಲ ನಕ್ಕರು. ಗಾಲಿಯ ಅಡಿಯಲ್ಲಿ ಮಲಗಿದ್ದ ಡ್ರೈವರನೂ ನಕ್ಕದ್ದು ಕೇಳಿಸಿತು. ದೈವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ್ದ ನಾನು ಕೈಯಲ್ಲಿದ್ದ ಟಿಕೀಟನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮುದುಕಿ ನನ್ನ ಅವಸ್ಥೆ ನೋಡಿ ಮರುಗಿ, ಒಂದು ಬೊಗಸೆ ಚುರುಮುರಿ ಕೊಟ್ಟು, “ತಿನ್ನು, ತಿಂದು ವಿಚಾರ ಮಾಡು” ಎಂದಳು. ತಿಂದೆ. ವಿಚಾರವನ್ನೂ ಮಾಡುತ್ತ ಬಂದೆ. ದೇವರು ಎಲ್ಲೆಡೆಯೂ ಇರುವಾಗ ಭಕ್ತನು ಬಸ್ಸು ಹತ್ತುವುದೇಕೆ? ಇದಕ್ಕೆ ನನಗೆ ಸಿಕ್ಕ ಉತ್ತರವು ಗ್ರಂಥಗಳಲ್ಲಿ ಸಿಕ್ಕಿದ್ದಲ್ಲ. ಜೇವರ್ಗಿ ತಾಲೂಕಿನ ಒಂದು ಹಳ್ಳದ ದಂಡೆಯಲ್ಲಿ, ಕೈಯಲ್ಲಿ ಇನ್ನೊಬ್ಬರ ಬೂಟುಗಳನ್ನು ಹಿಡಿದು ನಿಂತಿದ್ದಾಗ ಸಿಕ್ಕಿದ್ದು.

ನೆಲೋಗಿಯ ಬಳಿ ಬಸ್ಸಿಳಿದು, ಎರೆ ಹೊಲಗಳ ನಡುವೆ ನಡೆದು, ಒಂದು ಹಳ್ಳ ದಾಟಿದರೆ ಆ ಊರು. ನಾನು ಹೇಳಹೊರಟವರ ಮನೆಯವರು ಇಂದಿಗೂ ಅಲ್ಲಿರುವುದರಿಂದ ಊರಿನ ಹೆಸರು ಬೇಡ. ಅಲ್ಲಿ ನಮ್ಮದು ಕೆಲವೇ ಮನೆಗಳ ಸಭೆ. ಅದು ಕೂಡುತ್ತಿದ್ದುದು ಸುಂದ್ರಮ್ಮ ಎಂಬ ವೃದ್ಧೆಯ ಪಡಸಾಲೆಯಲ್ಲಿ. ಆ ಊರಿನಲ್ಲಿ ಪ್ರಾರ್ಥನೆಗೆ ಮೊದಲ ದೀಪ ಹಚ್ಚಿದವಳೇ ಅವಳು. ಅವಳಿಗೆ ಇಬ್ಬರು ಗಂಡುಮಕ್ಕಳು: ಹಿರಿಯವ ಯಾಕೋಬಪ್ಪ, ಕಿರಿಯವ ದಾನೇಲಪ್ಪ. ಒಂದೇ ಮನೆಯನ್ನು ನಡುಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು.

ಕಾರಣ ಆಹೇರು. ಮದುವೆಯಲ್ಲಿ ನೆಂಟರನ್ನೂ ಹಿರಿಯರನ್ನೂ ಒಬ್ಬೊಬ್ಬರನ್ನಾಗಿ ಕರೆದು ಹೆಗಲಿಗೆ ಟಾವೆಲ್ ಹೊದಿಸುವ ಮರ್ಯಾದೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಯಾಕೋಬಪ್ಪನು ತನ್ನ ಮಗಳ ಮದುವೆಯಲ್ಲಿ ಊರ ಗೌಡರಿಂದ ಹಿಡಿದು ಬ್ಯಾಂಡಿನವನವರೆಗೆ ಎಲ್ಲರಿಗೂ ಟಾವೆಲ್ ಹೊದಿಸಿ, ಸ್ವಂತ ತಮ್ಮನನ್ನು ಕರೆಯಲಿಲ್ಲ. ಅವನ ವಾದ: “ಮನಿ ಮನಿಷ್ಯಾಗ ಯಾವ ಆಹೇರ್ರಿ? ನನ್ನ ಹೆಗಲಿಗಿ ನಾನೇ ಹೊದಸಗೋತೇನೇನು?” ತಮ್ಮನ ವಾದ: “ಬ್ಯಾಂಡ್ ಬಾರಿಸೂವಗ ಆತು, ಹುಡುಗಿ ಕಾಕಾಗ ಆಗಲಿಲ್ಲ. ನಾ ಮಂದ್ಯಾಗ ಹೆಗಲ ಬರಿದ ಇಟಗೊಂಡು ನಿಂತಿದ್ದೆ.” ಇಬ್ಬರದೂ ಪ್ರೀತಿಯ ವಾದವೇ ಆಗಿದ್ದುದರಿಂದ ಇತ್ಯರ್ಥ ಬಹಳ ಕಷ್ಟವಾಗಿತ್ತು.

ಮನಸ್ಸಿನಲ್ಲಿ ವೈರವಿಟ್ಟುಕೊಂಡು ಕರ್ತನ ಭೋಜನಕ್ಕೆ, ಅಂದರೆ ಆತನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಿಯ ರಸದೊಡನೆ ಹಂಚಿಕೊಳ್ಳುವ ವಿಧಿಗೆ, ಬರಬಾರದೆಂಬುದು ನಮ್ಮ ಸಭೆಯ ಶಿಸ್ತು. ಅಣ್ಣತಮ್ಮಂದಿರು ಆ ಮಟ್ಟಿಗೆ ಪ್ರಾಮಾಣಿಕರು. ರೊಟ್ಟಿ ಮುರಿಯುವ ಹೊತ್ತಿಗೆ ತಾವಾಗಿಯೇ ಎದ್ದು ಹೊರಗಿನ ಕಟ್ಟೆಯ ಎರಡು ತುದಿಗಳಲ್ಲಿ ಕುಳಿತುಬಿಡುತ್ತಿದ್ದರು. ಅದು ಆರಂಭವಾದ ಮೇಲೆ ಸುಂದ್ರಮ್ಮನೂ ಭೋಜನಕ್ಕೆ ಬರುವುದನ್ನು ನಿಲ್ಲಿಸಿದಳು. ಒತ್ತಾಯಿಸಿದರೆ ಒಂದೇ ಮಾತು:

“ಮಕ್ಕಳು ಹೊರಗ ಉಪವಾಸ ಕುಂತಾಗ ತಾಯಿ ಒಳಗ ಉಣ್ತಾಳೇನ್ರಿ? ಅವರಿಬ್ರೂ ಬಂದ ದಿನ ನಾನೂ ಬರ್ತೇನಿ.”

ಅವಳ ಕಣ್ಣು ಮಂಜಾಗಿತ್ತು, ಕೆಮ್ಮು ಪ್ರತಿ ತಿಂಗಳೂ ಹೆಚ್ಚುತ್ತಿತ್ತು. ಆ ದಿನ ಅವಳು ಇರುವಾಗಲೇ ಬಂದೀತೆ ಎಂಬ ಚಿಂತೆ ನನಗೆ ಹತ್ತಿತು. ಕ್ಷಮೆಯ ಕುರಿತು ಸಭೆಯಲ್ಲಿ ಎಷ್ಟೋ ಪ್ರಸಂಗಗಳನ್ನು ಬೋಧಿಸಿದೆ. ಪ್ರಸಂಗ ಮುಗಿದೊಡನೆ ಯಾಕೋಬಪ್ಪ ಬಳಿಗೆ ಬಂದು, “ಭಾಳ ಚಲೋ ಹೇಳಿದ್ರಿ. ಅವನಿಗಿ ಬರೋಬ್ಬರಿ ಮುಟ್ಟಿರಬೇಕು” ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ದಾನೇಲಪ್ಪ ಬಂದು ಅದೇ ಮಾತನ್ನು ಹೇಳುತ್ತಿದ್ದ.

ಆದರೆ ಒಂದು ಪದ್ಧತಿಯನ್ನು ಮಾತ್ರ ಇಬ್ಬರೂ ಬಿಟ್ಟಿರಲಿಲ್ಲ. ಆ ಕಡೆ ಅತಿಥಿಯನ್ನು ಬಾಗಿಲಲ್ಲಿ ಬೀಳ್ಕೊಡುವ ರೂಢಿಯಿಲ್ಲ. ಹಳ್ಳದ ತನಕ ನಡೆದು ಕಳಿಸಿ ಬರಬೇಕು. ದೇವರ ಸೇವಕನನ್ನು ಕಳಿಸುವ ಗೌರವವನ್ನು ಅಣ್ಣ ತಮ್ಮನಿಗಾಗಲಿ, ತಮ್ಮ ಅಣ್ಣನಿಗಾಗಲಿ ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಹೀಗಾಗಿ ಪ್ರತಿ ಸಲವೂ ಯಾಕೋಬಪ್ಪ ನನ್ನ ಚೀಲ ಹಿಡಿದು ಬಲಕ್ಕೆ, ದಾನೇಲಪ್ಪ ನನ್ನ ಛತ್ರಿ ಹಿಡಿದು ಎಡಕ್ಕೆ, ನಾನು ನಡುವೆ ನಡೆಯುತ್ತಿದ್ದೆವು. ಹಾಗೆ ನಡೆಯುವಾಗ ನನ್ನ ಮೂಲಕ ಸಂಭಾಷಣೆ ಸಾಗುತ್ತಿತ್ತು.

“ಪಾಸ್ಟರ್‌ಸಾಬ್ರ, ಅವನಿಗಿ ಹೇಳ್ರಿ, ಅವನ ಆಡು ನಮ್ಮ ತೊಗರಿ ಮೇದದ.”

“ಪಾಸ್ಟರ್‌ಸಾಬ್ರ, ಆಡಿಗಿ ಏನ್ ತಿಳಿತದ್ರಿ ಯಾರ ತೊಗರಿ ಅಂತ? ಮೊದಲ ನಡುವ ಬದು ಇರಲಿಲ್ಲ. ಅದು ಇನ್ನಾ ಮರತಿಲ್ಲ.”

“ಮರಸು ಅಂತ ಹೇಳ್ರಿ.”

“ಅವರು ಮನಿಷ್ಯಾರು, ಜಲ್ದಿ ಮರತಾರ. ಆಡು ಭಾಳ ನಿಯತ್ತಿಂದು ಅಂತ ಹೇಳ್ರಿ.”

ಇಬ್ಬರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದುದರಿಂದ ನಾನು ಏನನ್ನೂ ದಾಟಿಸಬೇಕಾಗಿರಲಿಲ್ಲ. ನಡುವೆ ನಡೆಯುವುದಷ್ಟೇ ನನ್ನ ಕೆಲಸ. ಹಳ್ಳ ದಾಟಿ ಆಚೆ ದಂಡೆಯಿಂದ ತಿರುಗಿ ನೋಡಿದರೆ, ಅಣ್ಣ ಬದುವಿನ ಮೇಲೂ ತಮ್ಮ ಬಂಡಿದಾರಿಯಲ್ಲೂ ಬೇರೆ ಬೇರೆಯಾಗಿ ಮರಳುತ್ತಿದ್ದುದು ಕಾಣುತ್ತಿತ್ತು. ಅವರ ತಲೆಯ ಆ ಎರಡು ರುಮಾಲುಗಳು ಜೋಳದ ಬೆಳೆಯ ಮೇಲೆ ದೂರ ದೂರ ತೇಲಿ ಹೋಗುವುದನ್ನು ನೋಡುತ್ತ ನಾನು ಪ್ರಾರ್ಥಿಸುತ್ತಿದ್ದೆ. ಮನೆ ಅವರವರದು, ಹೊಲ ಅವರವರದು. ದಾರಿ ಮಾತ್ರ ಯಾರೊಬ್ಬರದೂ ಅಲ್ಲ. ಅಲ್ಲಿ ಅವರು ಜೊತೆಯಾಗಿ ನಡೆಯಬಲ್ಲರು. ಆದರೆ ನಡುವೆ ಒಬ್ಬ ಪರವೂರಿನವನು ಬೇಕು. ಕರ್ತನು ಸಾವಿನಿಂದ ಎದ್ದು ಬಂದ ದಿನ, ದುಃಖದಿಂದ ಹೊರಟಿದ್ದ ಇಬ್ಬರು ಶಿಷ್ಯರ ನಡುವೆ ಪರದೇಶಿಯಂತೆ ಸೇರಿಕೊಂಡು ನಡೆದದ್ದನ್ನು ನೆನೆದು, ನನ್ನ ಟಿಕೀಟು ಅಷ್ಟೇನೂ ವ್ಯರ್ಥವಲ್ಲವೆಂದು ಸಮಾಧಾನ ತಂದುಕೊಳ್ಳುತ್ತಿದ್ದೆ.

ಹೀಗಿರುವಾಗ ನಮ್ಮ ಜಿಲ್ಲಾ ಮೇಲ್ವಿಚಾರಕರು ಪರಿಶೀಲನೆಗೆ ಬರುವುದಾಯಿತು. ಜನ ಅವರನ್ನು ದೊಡ್ಡ ಸಾಹೇಬರೆನ್ನುತ್ತಿದ್ದರು. ಪದವಿಯಿಂದಲೂ ದೇಹದಿಂದಲೂ ಅದು ಸಲ್ಲುವ ಮಾತೇ. ಹಳೆಯ ಮೈಸೂರಿನ ಕಡೆಯವರು, ನಿಷ್ಠಾವಂತರು, ಸಮಯಪಾಲನೆಯನ್ನು ಸದಾಚಾರದ ಬೆನ್ನೆಲುಬೆಂದು ಭಾವಿಸಿದವರು. ಯಾವ ಊರಿನಲ್ಲಿ ಎಷ್ಟು ಹೊತ್ತು ಎಂಬುದನ್ನು ಟೈಪು ಮಾಡಿಸಿದ ಟೂರ್ ಪ್ರೋಗ್ರಾಮೊಂದು ಅವರ ಕಿಸೆಯಲ್ಲಿತ್ತು. ಅಂದು ಸುಂದ್ರಮ್ಮನ ಊರಿನ ಬಳಿಕ ಬೇರೆ ಊರುಗಳೂ ಇದ್ದವು. ಆದರೆ ಆ ಟೈಪು ಯಂತ್ರಕ್ಕೆ ಶ್ರಾವಣದ ಎರೆ ಮಣ್ಣಿನ ಸಂಗತಿ ಗೊತ್ತಿರಲಿಲ್ಲ. ಜೀಪು ಡಾಂಬರು ಬಿಟ್ಟು ಕೆಳಗಿಳಿಯಲು ನಿರಾಕರಿಸಿತು. ನಾವು ಇಳಿದು ನಡೆದೆವು. ಹೆಜ್ಜೆಹೆಜ್ಜೆಗೂ ಸಾಹೇಬರ ಬೂಟುಗಳಿಗೆ ಕರಿಮಣ್ಣು ಮೆತ್ತಿಕೊಂಡು, ಊರು ಸೇರುವ ವೇಳೆಗೆ ಅವು ಎರಡು ಗೂಡೆಗಳಷ್ಟು ದೊಡ್ಡವಾಗಿದ್ದವು.

“ಏನ್ರೀ ಇದು! ನೆಲ ನನ್ನನ್ನ ಬಿಡೋಕೇ ಒಪ್ತಾ ಇಲ್ಲವಲ್ರೀ!” ಎಂದರು.

“ನಮ್ಮ ನೆಲಕ್ಕ ಅತಿಥಿ ಅಂದ್ರ ಭಾಳ ಪ್ರೀತಿ ಸಾಹೇಬ್ರ” ಎಂದ ಎದುರುಗೊಳ್ಳಲು ಬಂದ ದಾನೇಲಪ್ಪ.

ಆರಾಧನೆ ಸಾಂಗವಾಗಿ ನಡೆಯಿತು. ಸಾಹೇಬರು ಕಲಬುರಗಿಯಿಂದ ತಂದಿದ್ದ ಬ್ರೆಡ್ಡನ್ನು ಮುರಿದರು. ಯಥಾಪ್ರಕಾರ ಅಣ್ಣತಮ್ಮಂದಿರು ಎದ್ದು ಹೊರಗೆ ಹೋದರು. ಯಥಾಪ್ರಕಾರ ಸುಂದ್ರಮ್ಮ ಕುಳಿತಲ್ಲಿಯೇ ತಲೆಯಾಡಿಸಿದಳು. ಸಾಹೇಬರ ಮುಖ ಬಾಡಿತು. ಆರಾಧನೆ ಮುಗಿದು, ಉಳಿದ ಬ್ರೆಡ್ಡನ್ನು ಮಕ್ಕಳಿಗೆ ಹಂಚಿದ ಬಳಿಕ ನನ್ನನ್ನು ಬದಿಗೆ ಕರೆದು, “ಇಷ್ಟು ದಿನದಿಂದ ಇಲ್ಲಿಗೆ ಬರ್ತಿದ್ದೀರಿ. ಒಬ್ಬ ತಾಯಿಯನ್ನ ಕರ್ತನ ಮೇಜಿಗೆ ಕರೆತರೋಕಾಗಲಿಲ್ಲವೇ? ಬರೀ ಓಡಾಡಿಕೊಂಡಿದ್ದೀರಾ?” ಎಂದರು. ಪ್ರಾಮಾಣಿಕವಾಗಿ ಹೇಳುವುದಾದರೆ ನಾನು ಬರೀ ಓಡಾಡಿಕೊಂಡೇ ಇದ್ದೆ.

ಅವರೇ ಅಣ್ಣತಮ್ಮಂದಿರನ್ನು ಕರೆಸಿದರು. ಇಬ್ಬರ ಅಹವಾಲನ್ನೂ ಕೇಳಿ, ಇಬ್ಬರಲ್ಲೂ ತಪ್ಪು ಕಂಡುಹಿಡಿದು, ಕ್ಷಮೆಯ ಅವಶ್ಯಕತೆಯನ್ನು ಸ್ಪಷ್ಟವಾಗಿ ನಿರೂಪಿಸಿ, “ಈಗಲೇ ಇಬ್ಬರೂ ಕೈಕೈ ಹಿಡೀರಿ” ಎಂದು ಆಜ್ಞಾಪಿಸಿದರು.

“ಹೌದ್ರಿ ಸಾಹೇಬ್ರ” ಎಂದ ಯಾಕೋಬಪ್ಪ.

“ಹೌದ್ರಿ” ಎಂದ ದಾನೇಲಪ್ಪ.

ಇಬ್ಬರೂ ಅಲ್ಲಾಡಲಿಲ್ಲ. ನಮ್ಮ ಕಡೆ ‘ಹೌದ್ರಿ’ ಎಂಬುದನ್ನು ಸೂರ್ಯ ಮುಳುಗುವವರೆಗೂ ಹೇಳುತ್ತಿರಬಹುದು, ಏನನ್ನೂ ಮಾಡಬೇಕಾಗಿಲ್ಲವೆಂಬುದು ಸಾಹೇಬರಿಗೆ ತಿಳಿದಿರಲಿಲ್ಲ. ಅವರು ಗಡಿಯಾರ ನೋಡಿಕೊಂಡು ನಿಟ್ಟುಸಿರಿಟ್ಟು ಎದ್ದರು. ಸುಂದ್ರಮ್ಮ ಬಾಗಿಲ ತನಕ ಬಂದು, ಅವರಿಗೆ ಕೈಮುಗಿದು, ಮಕ್ಕಳತ್ತ ತಿರುಗಿ, “ಹಳ್ಳ ದಾಟಿಸಿ ಬರ್ರೋ” ಎಂದಳು. ದನಿಯಲ್ಲಿ ಬೈಗುಳವಿರಲಿಲ್ಲ, ದಣಿವಿತ್ತು.

ಹಳ್ಳಕ್ಕೆ ಬಂದು ನೋಡಿದರೆ, ಮೇಲ್ಗಡೆ ಎಲ್ಲೋ ಮಳೆ ಸುರಿದು, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಈಗ ಮೊಣಕಾಲು ಮೀರಿ ಕೆಂಪಗೆ ಹರಿಯುತ್ತಿತ್ತು. ಆಚೆ ದೂರದಲ್ಲಿ ಜೀಪಿನ ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ಸಾಹೇಬರಿಗೆ ನೀರೆಂದರೆ ಹೆದರಿಕೆ. ಅದನ್ನು ಮರೆಮಾಚಲು ಮತ್ತೆ ಗಡಿಯಾರ ನೋಡಿದರು. ಅವರನ್ನು ಹೊತ್ತು ದಾಟಿಸುವುದೆಂದಾಯಿತು. ಒಬ್ಬರ ಬೆನ್ನಿಗೆ ನಿಲುಕುವ ಭಾರವಲ್ಲ ಅದು. ಇಬ್ಬರು ಎದುರೆದುರು ನಿಂತು, ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು, ಕೈಗಳಿಂದಲೇ ಕುರ್ಚಿ ಮಾಡಬೇಕು. ಮುದುಕರನ್ನೂ ಬಸುರಿಯರನ್ನೂ ಅಲ್ಲಿ ಹಾಗೆಯೇ ದಾಟಿಸುತ್ತಿದ್ದರು. ಬೇರೆ ಗಂಡಸರು ಯಾರೂ ಜೊತೆಗಿರಲಿಲ್ಲ. ನನ್ನ ತೋಳುಗಳನ್ನು ಇಬ್ಬರೂ ಒಮ್ಮೆ ನೋಡಿ, ಲೆಕ್ಕಕ್ಕಿಲ್ಲವೆಂದು ತೀರ್ಮಾನಿಸಿದರು.

ಯಾಕೋಬಪ್ಪ ಆಕಾಶ ನೋಡುತ್ತ ಕೈ ಚಾಚಿದ. ದಾನೇಲಪ್ಪ ನೀರು ನೋಡುತ್ತ ಆ ಕೈ ಹಿಡಿದ. ಸಾಹೇಬರು ಬೂಟು ಕಳಚಿ ನನಗೆ ಕೊಟ್ಟು, ಕುಳಿತು, ಇಬ್ಬರ ಕೊರಳಿಗೂ ತೋಳು ಹಾಕಿದರು. ಮೆರವಣಿಗೆ ಅಡ್ಡಡ್ಡವಾಗಿ ನೀರಿಗಿಳಿಯಿತು. ಸಂಭಾಷಣೆ ಎಂದಿನಂತೆ ನಡುವೆ ಇದ್ದವರ ಮೂಲಕವೇ ಆರಂಭವಾಯಿತು.

“ಸಾಹೇಬ್ರ, ಅವನಿಗಿ ಹೇಳ್ರಿ, ಎಡಕ್ಕ ತಗ್ಗ ಅದ.”

“ಎಡಕ್ಕೆ ತಗ್ಗಿದೆಯಂತಪ್ಪಾ.”

“ಯಾರ ಎಡಕ್ರಿ ಸಾಹೇಬ್ರ? ನಾವು ಮಾರಿಗಿ ಮಾರಿ ನಿಂತೇವಿ. ನನ್ನ ಎಡಕ್ಕೋ ಅವನ ಎಡಕ್ಕೋ ಕೇಳ್ರಿ.”

“ನಿನ್ನ ಎಡಕ್ಕೋ ಇವನ... ಅಯ್ಯೋ, ನೀವೇ ಮಾತಾಡಿಕೊಳ್ರಪ್ಪಾ, ಜಾರ್ತಾ ಇದ್ದೀನಿ!”

ಆ ಕ್ಷಣದಲ್ಲಿ ದಾನೇಲಪ್ಪನ ಕಾಲು ತಗ್ಗಿಗಿಳಿಯಿತು.

“ಯಣ್ಣಾ! ಬಿಡಬ್ಯಾಡ!”

“ಬಿಡಂಗಿಲ್ಲ ಲೇ! ಗಟ್ಟಿ ಹಿಡಿ, ನನ್ನ ಕಡಿ ಬಾ!”

ಯಾಕೋಬಪ್ಪ ಇದ್ದ ಬಲವನ್ನೆಲ್ಲ ಹಾಕಿ ತಮ್ಮನನ್ನು ತನ್ನತ್ತ ಜಗ್ಗಿದ. ತಮ್ಮ ಮೇಲೆದ್ದ. ಕುರ್ಚಿ ಮಾತ್ರ ಮಡಿಚಿಕೊಂಡಿತು. ದೊಡ್ಡ ಸಾಹೇಬರು ಇಬ್ಬರ ನಡುವಿನಿಂದ ಮೆಲ್ಲಗೆ ಇಳಿದು, ಎದೆಯವರೆಗೆ ಮುಳುಗಿ, ಎಂದಿನ ಗಾಂಭೀರ್ಯದಿಂದಲೇ ನೀರಿನಲ್ಲಿ ಕುಳಿತರು. ಅಣ್ಣತಮ್ಮಂದಿರು ಸಾಹೇಬರನ್ನು ಬಿಟ್ಟಿದ್ದರು. ಹಿಡಿದ ಕೈಗಳನ್ನು ಬಿಟ್ಟಿರಲಿಲ್ಲ.

“ಲೇ ದಾನ್ಯಾ, ಸಾಹೇಬ್ರನ್ನ ಕೆಡವಿದೆಲ್ಲೋ!”

“ನಾ ಎಲ್ಲಿ ಕೆಡವೀನಿ? ನೀ ಜಗ್ಗಿದಿ!”

“ಜಗ್ಗಲಿಲ್ಲಂದ್ರ ಇಷ್ಟೊತ್ತಿಗಿ ಭೀಮಾ ಹೊಳ್ಯಾಗ ಇರ್ತಿದ್ದಿ, ಹುಚ್ಚ ಹನಮ!”

“ಹಂಗಂದ್ರ ಮೊದಲ ‘ಎಡಕ್ಕ’ ಅಂತ ನೆಟ್ಟಗ ಹೇಳಬೇಕಿಲ್ಲ? ವರ್ಷಾನಗಟ್ಲೆ ಮೂಗನಂಗ ಇದ್ದು ಈಗ ನನಗ ಬೈತಿ!”

“ನೀ ಮಾತಾಡ್ಸಿದ್ದೇನು? ನೀ ಮಾತಾಡ್ಸಿದ್ದೇನಂತೀನಿ!”

ನಾನು ದಂಡೆಯಲ್ಲಿ ಬೂಟು ಹಿಡಿದು ನಿಂತಿದ್ದೆ. ನಗಬೇಕೋ, ನೀರಿಗೆ ಹಾರಬೇಕೋ ತಿಳಿಯಲಿಲ್ಲ. ಇಬ್ಬರ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು. ಹಳ್ಳದ್ದೆಷ್ಟು, ಕಣ್ಣಿನದೆಷ್ಟು ಎಂದು ಹೇಳಲಾರೆ. ಮೊದಲು ಅರ್ಥವಾದದ್ದು ನೀರಿನಲ್ಲಿ ಕುಳಿತಿದ್ದವರಿಗೇ. “ರೀ, ಇವರು ಮಾತಾಡ್ತಾ ಇದ್ದಾರಲ್ರೀ!” ಎಂದು ನನ್ನತ್ತ ಕೂಗಿ, ಹೊಟ್ಟೆ ಕುಲುಕುವಂತೆ ನಗತೊಡಗಿದರು. ಆ ನಗೆಗೆ ಅಣ್ಣತಮ್ಮಂದಿರ ಜಗಳ ನಿಂತಿತು. ಇಬ್ಬರೂ ತಮ್ಮ ಕೈಗಳನ್ನು ನೋಡಿಕೊಂಡರು. ಬಳಿಕ ಅವಸರದಿಂದ ಸಾಹೇಬರನ್ನು ಎತ್ತಿ ನಿಲ್ಲಿಸಿದರು.

ಆಚೆ ಕಡೆ ಹಾರ್ನ್ ಮತ್ತೆ ಕೂಗಿತು. ಜೀಪು ಅಲ್ಲೇ ಕಾದಿತ್ತು. ಸಾಹೇಬರು ಅದರತ್ತ ಒಮ್ಮೆ ನೋಡಿ, ನಾವು ಬಂದಿದ್ದ ಊರಿನ ಕಡೆಗೆ ತಿರುಗಿದರು.

“ನಡೀರಿ. ಆ ತಾಯಿ ಕಾಯ್ತಿದ್ದಾಳೆ.”

“ಮುಂದಿನ ಊರುಗಳು? ಪ್ರೋಗ್ರಾಂ?” ಎಂದೆ ನಾನು.

“ಪ್ರೋಗ್ರಾಂ ಒದ್ದೆಯಾಯ್ತು ಕಣ್ರೀ” ಎಂದರು. ಕಿಸೆಗೆ ಕೈಯನ್ನೂ ಹಾಕಲಿಲ್ಲ.

ಆ ಮರುಪಯಣವನ್ನು ನಾನು ಮರೆಯಲಾರೆ. ಮುಂದೆ ಅಣ್ಣತಮ್ಮಂದಿರು, ಅವರ ನಡುವೆ ಯಾರೂ ಇಲ್ಲ. ಹಿಂದೆ ಬರಿಗಾಲಿನ ಸಾಹೇಬರು. ಅವರ ಹಿಂದೆ ಬೂಟುಧಾರಿಯಾದ ನಾನು. ನಾನು ಆವರೆಗೆ ಹೋಗುವುದನ್ನೇ ಸೇವೆಯೆಂದುಕೊಂಡಿದ್ದೆ. ತಲುಪಬೇಕು, ಬೋಧಿಸಬೇಕು, ಮುಂದಿನ ಊರಿಗೆ ಸಾಗಬೇಕು. ಆದರೆ ದೇವರು ನಮ್ಮನ್ನು ಊರೂರಿಗೆ ಕಳುಹಿಸುವುದು ಆತನು ಅಲ್ಲಿಲ್ಲವೆಂದಲ್ಲ. ಅಲ್ಲಿಯವರು ನಮ್ಮ ನೆಪದಲ್ಲಿ ಮನೆಯಿಂದೆದ್ದು, ಒಂದೇ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು, ಒಂದೇ ದಾರಿಯಲ್ಲಿ ಮರಳಲೆಂದು. ಟಿಕೀಟು ನಮ್ಮದು, ಪ್ರಯಾಣ ಅವರದು. ಜಾಲಿಯ ನೆರಳಿನ ಆ ಅವ್ವನಿಗೆ ಇದನ್ನು ಹೇಳುವ ಭಾಗ್ಯ ಬರಲಿಲ್ಲ, ನಿಮಗಾದರೂ ಹೇಳಿದ್ದೇನೆ.

ಸುಂದ್ರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಂಜುಗಣ್ಣಿಗೆ ಮೊದಲು ಕಂಡದ್ದು ಬಾಗಿಲು ತುಂಬಿದ ಕೆಸರು.

“ಯಾರನ್ನ ಎಳಕೊಂಡ ಬಂದ್ರೋ? ಅಯ್ಯ ನನ್ನಪ್ಪಾ, ಸಾಹೇಬ್ರನ್ನ ಎಮ್ಮಿ ಮಾಡೀರಲ್ಲೋ!”

“ಇವ ಕಾಲ ತಗ್ಗಿನಾಗ ಇಟ್ಟ ಯವ್ವಾ...”

“ಸುಳ್ಳ ಯವ್ವಾ, ಯಣ್ಣ ಜಗ್ಗಿದ...”

“ಜಗ್ಗಲಿಲ್ಲಂದ್ರ ಹೋಗ್ತಿದ್ದ ಯವ್ವಾ ಇವ...”

ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತ ಹೇಳುತ್ತಿದ್ದರು. ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಕಿವಿಗೊಟ್ಟಳು. ಏನಾಯಿತೆಂದು ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಬಂದು, ಪಡಸಾಲೆಯಲ್ಲಿ ಕರ್ತನ ಮೇಜಿನ ಮುಂದೆ ಕುಳಿತಳು. ಅವಳ ಆಚೆ ಒಬ್ಬ, ಈಚೆ ಒಬ್ಬ ಮಕ್ಕಳು ಕುಳಿತರು.

ಸಾಹೇಬರು ದಾನೇಲಪ್ಪನ ಒಣ ಧೋತರ ಉಟ್ಟು, ಯಾಕೋಬಪ್ಪನ ಅಂಗಿಯನ್ನು ಹೇಗೋ ತೊಟ್ಟು ಬಂದರು. ಗುಂಡಿಗಳು ಹತ್ತಿರ ಬರಲಿಲ್ಲ. ಒಣದ್ರಾಕ್ಷಿಯ ರಸ ಬಾಟಲಿಯಲ್ಲಿ ಉಳಿದಿತ್ತು. ಬ್ರೆಡ್ಡು ಮಕ್ಕಳ ಹೊಟ್ಟೆ ಸೇರಿಯಾಗಿತ್ತು. ಅವರು ಸಂಕೋಚದಿಂದ ಕೇಳಿದರು:

“ಮನೆಯಲ್ಲಿ ರೊಟ್ಟಿ ಇದೆಯೇನಮ್ಮಾ?”

“ರೊಟ್ಟಿ ಇಲ್ಲದ ಮನಿ ನಮ್ಮ ಕಡಿ ಯಾವ್ದದ್ರಿ ಸಾಹೇಬ್ರ?”

ಒಲೆಯಿಂದ ಆಗತಾನೇ ಇಳಿದ ಜೋಳದ ರೊಟ್ಟಿಯೊಂದು ಬಿಳಿಯ ವಸ್ತ್ರದ ಮೇಲೆ ಬಂದು ಕೂತಿತು. ಸಾಹೇಬರು ಎರಡೂ ಕೈಗಳಲ್ಲಿ ಅದನ್ನು ಎತ್ತಿ ಹಿಡಿದು, ಅಭ್ಯಾಸಬಲದಿಂದ, ಸಮಾಧಾನದ ಮಹಿಮೆಯನ್ನೂ ಸಹೋದರ ಪ್ರೀತಿಯ ಲಕ್ಷಣಗಳನ್ನೂ ಕುರಿತು ಉಪದೇಶ ಆರಂಭಿಸಿದರು. ಅದು ಉತ್ತಮ ಉಪದೇಶವಾಗಿತ್ತು. ಬಹಳ ಹೊತ್ತು ನಡೆಯುವ ಲಕ್ಷಣವೂ ಇತ್ತು.

ಸುಂದ್ರಮ್ಮ ಬೊಗಸೆಯನ್ನು ಮುಂದೆ ಚಾಚಿದಳು.

“ಸಾಹೇಬ್ರ, ಮಾತು ಆಮ್ಯಾಲ ಹೇಳ್ರಿ. ನಾ ಭಾಳ ದಿನದಿಂದ ಹಸದೀನಿ.”

ಸಾಹೇಬರು ಅಲ್ಲಿಗೇ ನಿಲ್ಲಿಸಿ, ರೊಟ್ಟಿಯನ್ನು ಮುರಿದರು.